ಮದರ್‌ಬೋರ್ಡಿನ ಪರಸ್ಪರ ವರ್ಗಾವಣೆ

ಶಹಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನನಗೊಂದು ಮಾತು ಖಾತ್ರಿಯಾಗಿದೆ. ಯಂತ್ರ ಯಾಕೆ ನಿಂತಿತು ಅಂತ ನಾನು ಎಷ್ಟೇ ಬಿಡಿಸಿ ಹೇಳಲಿ, ಗಿರಾಕಿಗಳು ಅದನ್ನು ತಮ್ಮ ಮನೆಯ ಕಥೆಯಾಗಿಯೋ ಆಫೀಸಿನ ಕಥೆಯಾಗಿಯೋ ಮಾಡಿಕೊಂಡೇ ಏಳುತ್ತಾರೆ. ಹೋದ ತಿಂಗಳು ಒಂದೇ ದಿನ ಮೂರು ಸಲ ಹೀಗಾಯಿತು.

೧. ಪಟ್ಟಿಯಿಂದ ಹೆಸರು ಹೋಯಿತು

ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಭೀಮರಾಯನಗುಡಿಯ ನಿವೃತ್ತ ಗುಮಾಸ್ತರು ಕಂಪ್ಯೂಟರ್ ಸಮೇತ ನಿಂತಿದ್ದರು. ಹಬ್ಬಕ್ಕೆ ಬಂದ ಅಳಿಯ ಏನೋ ಅಪ್‌ಡೇಟ್ ಮಾಡಿ ಹೋಗಿದ್ದ. ಅವತ್ತಿನಿಂದ ಪರದೆ ಕಪ್ಪು.

"ಸರ್, ಮದರ್‌ಬೋರ್ಡಿನಾಗ ಒಂದು ಸಣ್ಣ ಚಿಪ್ ಇರ್ತದ. ಯಾವ್ಯಾವ ಪ್ರೊಸೆಸರ್ ನಡೀತಾವ ಅನ್ನೋ ಪಟ್ಟಿ ಅದರಾಗ ಇರ್ತದ. ಹೊಸಾವು ಬಂದ್ವು, ಚಿಪ್ಪಿನಾಗ ಜಾಗ ಸಾಲಲಿಲ್ಲ. ಕಂಪನಿಯವ್ರು ಹಳೇ ಹೆಸರು ತೆಗೆದು ಹೊಸಾವು ಬರೆದಾರ. ನಿಮ್ಮದು ಹಳೇದು."

"ಅಂದ್ರ ನನ್ನ ಪ್ರೊಸೆಸರ್ ಕೆಟ್ಟದೇನ್ರಿ?"

"ಇಲ್ರಿ, ಗಟ್ಟಿಮುಟ್ಟಾಗಿ ಅದ."

ಅವರಿಗೆ ನಿಜವಾಗಿಯೂ ನೋವಾಯಿತು. ಕನ್ನಡಕ ಒರೆಸಿಕೊಂಡು ಕೇಳಿದರು: "ಪಿಂಚಣಿ ಸಲುವಾಗಿ ವರ್ಷಾ ವರ್ಷಾ ನಾ ಜೀವಂತ ಇದ್ದೀನಿ ಅಂತ ಬರದು ಕೊಡ್ತೀನಿ. ಇದಕ್ಕೂ ಅಂಥಾದ್ದೊಂದು ಫಾರ್ಮ್ ಅದ ಏನ್ರಿ?"

೨. ಉಪ್ಪಿನ ಡಬ್ಬಿ

ಮಧ್ಯಾಹ್ನವಾದರೂ ಗುಮಾಸ್ತರು ಇನ್ನೂ ಕುರ್ಚಿ ಬಿಟ್ಟಿರಲಿಲ್ಲ, ಸುರಪುರದ ರಂಗಂಪೇಟೆಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುವ ಹೆಣ್ಣುಮಗಳು ತನ್ನ ಕಂಪ್ಯೂಟರ್ ಹೊತ್ತು ಬಂದಳು. ಹೊಸ ಪ್ರೊಸೆಸರ್ ಹಾಕಿಸಿ, ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದಾಳೆ. ಯಂತ್ರ ಮಾತ್ರ ಏಳುತ್ತಿಲ್ಲ.

"ಅಣ್ಣಾ, ಆರು ಹುಡುಗ್ಯಾರ ಹಾಸ್ಟೆಲ್ ಅರ್ಜಿ ಅವ. ಇವತ್ತ ಸಂಜಿ ಐದಕ್ಕ ಕಡೀ ಟೈಮ್. ಕಾಗದಪತ್ರ ಹಿಡ್ಕೊಂಡು ಅಂಗಡಿ ಮುಂದ ಕುಂತಾರ. ನನ್ನ ನಂಬ್ಯಾರ."

ನೋಡಿದೆ. ಇವಳ ಬೋರ್ಡಿನ ಪಟ್ಟಿ ಹಳೆಯದು, ಅದರಲ್ಲಿ ಹೊಸ ಪ್ರೊಸೆಸರಿನ ಹೆಸರೇ ಇಲ್ಲ. "ಹೊಸ ಹೆಸರು ಸೇರಸಬೇಕಂದ್ರ ಹಳೇ ಪ್ರೊಸೆಸರ್ ಹಾಕಿ ಚಾಲೂ ಮಾಡಬೇಕವ್ವ. ಅದೆಲ್ಲಿ?"

"ಹೊಸಾದು ತಗೊಳ್ಳುವಾಗ ಅದನ್ನ ಮಾರಿದವ್ರಿಗೇ ಕೊಟ್ಟುಬಿಟ್ಟೆ!" ಹಣೆ ಹಿಡಿದು ಕುಳಿತಳು. ಆಮೇಲೆ ಅಳುವಿನ ನಡುವೆಯೇ ನಕ್ಕಳು. "ಅತ್ತೀನ ಊರಿಗೆ ಕಳಿಸಿ ಸೊಸೀನ ತಂದಂಗಾತು ನೋಡಣ್ಣ. ಉಪ್ಪಿನ ಡಬ್ಬಿ ಎಲ್ಲದ ಅಂತ ಅಕಿಗೆ ಯಾರು ಹೇಳಬೇಕು?"

೩. ಚಾರ್ಜ್ ಪಟ್ಟಿ

ಎರಡೂ ಬೋರ್ಡ್ ಪಕ್ಕಪಕ್ಕ ಇಟ್ಟಾಗ ನೋಡಿದೆ, ಒಂದೇ ಮಾಡೆಲ್. ಗುಮಾಸ್ತರದು ಹೊಸ ಪಟ್ಟಿ, ಹಳೆ ಪ್ರೊಸೆಸರ್. ಇವಳದು ಹಳೆ ಪಟ್ಟಿ, ಹೊಸ ಪ್ರೊಸೆಸರ್. ಬೋರ್ಡ್ ಅದಲುಬದಲು ಮಾಡಿದರೆ ಇಬ್ಬರ ಯಂತ್ರವೂ ಏಳುತ್ತದೆ.

ಗುಮಾಸ್ತರ ಮುಖ ಅರಳಿತು. "ಇದು ಪರಸ್ಪರ ವರ್ಗಾವಣಿ ಆತಲ್ರಿ! ಒಂದು ಬಿಳೀ ಹಾಳಿ ಕೊಡ್ರಿ."

ನಾನು ಸ್ಕ್ರೂ ಬಿಚ್ಚುತ್ತಿದ್ದರೆ ಅವರು ಇಬ್ಬರ ಒಪ್ಪಿಗೆ ಪತ್ರ ಬರೆದರು, ಬಿಡುಗಡೆ ಆದೇಶ ಬರೆದರು, ಏನೇನು ಒಪ್ಪಿಸಿದ್ದು ಅಂತ ಚಾರ್ಜ್ ಪಟ್ಟಿಯನ್ನೂ ಬರೆದರು: ಬೋರ್ಡ್ ಒಂದು, ಸ್ಕ್ರೂ ಆರು, ಕುಂಕುಮ ಸ್ವಲ್ಪ. ಆ ಹೆಣ್ಣುಮಗಳು ಗಡಿಯಾರ ನೋಡುತ್ತಾ ಎಲ್ಲದಕ್ಕೂ ಸಹಿ ಹಾಕಿದಳು. ಅವಳ ಯಂತ್ರ ಚಾಲೂ ಆದಾಗ ಮೂರು ಗಂಟೆ. ಎತ್ತಿಕೊಂಡು ಸುರಪುರದ ಬಸ್ಸಿಗೆ ಓಡಬೇಕು, ಗುಮಾಸ್ತರು ಬಾಗಿಲಲ್ಲಿ ಅಡ್ಡ ನಿಂತರು.

"ಅವಸರ ಯಾಕವ್ವ? ವರ್ಗ ಆದವರಿಗೆ ಹೋಗಿ ಸೇರಾಕ ಇಷ್ಟು ದಿನ ಅಂತ ಟೈಮ್ ಕೊಡಬೇಕು. ರೂಲ್ ಅದ."

"ಯಪ್ಪಾ, ನಮ್ಮ ಕಡಿ ವರ್ಗ ಆದವ್ರು ತಾವಾಗೇ ಯಾರೂ ಬರಂಗಿಲ್ರಿ. ಅದಕ್ಕ ಇದನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು ನಾನೇ ಒಯ್ತೀನಿ!"

ಗುಮಾಸ್ತರು ತೆಪ್ಪಗೆ ದಾರಿ ಬಿಟ್ಟರು. ಅವರ ಕಂಪ್ಯೂಟರೂ ಸ್ವಲ್ಪ ಹೊತ್ತಿಗೆ ಎದ್ದಿತು, ಆದರೆ ಅವರು ಮಾತ್ರ ಏಳಲಿಲ್ಲ. ಎರಡು ಚಹಾ ಕುಡಿದರು, ನನ್ನ ಫೋನನ್ನೇ ನೋಡುತ್ತಾ ಕುಳಿತರು. ಐದಕ್ಕೆ ಹತ್ತು ನಿಮಿಷ ಇದ್ದಾಗ ಅದು ಬಡಿದುಕೊಂಡಿತು. "ಅಣ್ಣಾ, ಆರೂ ಅರ್ಜಿ ಹೋದ್ವು!" ಹಿಂದೆ ಹುಡುಗಿಯರು ಕೂಗಾಡುತ್ತಿದ್ದರು.

ಗುಮಾಸ್ತರು ಆಗ ಎದ್ದರು, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಖರೆ ಹೇಳ್ತೀನ್ರಿ, ಯಾರ ಮುಂದೂ ಅನಬ್ಯಾಡ್ರಿ. ಸರ್ವೀಸಿನಾಗ ನನಗ ಎರಡು ಸಲ ಸುರಪುರಕ್ಕ ವರ್ಗ ಆಗಿತ್ತು. ಎರಡೂ ಸಲ ಓಡಾಡಿ ರದ್ದು ಮಾಡಿಸ್ಕೊಂಡೆ. ಇವತ್ತ ನನ್ನ ಬೋರ್ಡಾದ್ರೂ ಅಲ್ಲಿಗೆ ಹೋಗಿ ಡ್ಯೂಟಿ ಮಾಡ್ತು."