ಹತ್ತೊಂಬತ್ತಕ್ಕೆ ಹತ್ತೊಂಬತ್ತು

ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಂಡತಿ ಆ ಒಂದು ಮಾತು ಆಡದೆ ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

"ನೋಡಿ, ಇವತ್ತೊಂದಿನ ಆಫೀಸಲ್ಲಿ ಆ ಮೇಡಂ ಏನಂದ್ರೂ 'ಆಗ್ಲಿ ಬಿಡಿ' ಅನ್ಬೇಡಿ. ಎರಡು ಸಲ ಹಾಗಂದ್ರಿ, ಆಮೇಲೆ ಅವರ ಸಂಖ್ಯೆ ತಪ್ಪು ಅಂತ ಗೊತ್ತಾಯ್ತು, ಎರಡು ಸಲಾನೂ ನಿಮ್ಮ ರಜೆ ಹೋಯ್ತು. ಈ ಸಲ ಸಂಜೆ ಏಳು ಗಂಟೆ ಬಸ್ಸಿಗೆ ನೀವು ಬಂದ್ರೂ ಸರಿ, ಬರದೆ ಇದ್ರೂ ಸರಿ, ನಾನೂ ಮಗಳೂ ಸಮುದ್ರ ನೋಡೇ ನೋಡ್ತೀವಿ."

ಮಗಳು ಆಗಲೇ ಈಜುಡುಗೆ ತೊಟ್ಟು ಹಾಲು ಕುಡಿಯುತ್ತಿದ್ದಳು. "ಅಪ್ಪಾ, ಅಲೆ ಬಂದಾಗ ಕೈ ಹಿಡ್ಕೊಳ್ಳೋಕೆ ನೀನು ಬೇಕು" ಎಂದಳು. ಇಂಥ ಮಾತು ಕೇಳಿದ ಮೇಲೆ ಯಾವ ತಂದೆಗೆ ತಾನೇ ಪೌರುಷ ಉಕ್ಕುವುದಿಲ್ಲ?

ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಆಗಲಿಬಿಡಿ ಎಂದು. ಅವನ ಕುರ್ಚಿಯನ್ನು ಯಾರಾದರೂ ಎಳೆದುಕೊಂಡರೆ ಆಗಲಿ ಬಿಡಿ, ಕೊಡೆಯನ್ನು ಒಯ್ದರೆ ಆಗಲಿ ಬಿಡಿ, ಕುಡಿಯುತ್ತಿದ್ದ ಚಹಾದ ಲೋಟವನ್ನು ಅರ್ಧದಲ್ಲಿ ಎತ್ತಿಕೊಂಡು ಹೋದರೂ ಆಗಲಿ ಬಿಡಿ. ವೈದ್ಯಕೀಯ ಸಂಶೋಧನಾ ಕೇಂದ್ರದಲ್ಲಿ ಅವನು ಸಹಾಯಕ. ದಿನಾ ನಡೆದರೆ ಮೊಣಕಾಲು ನೋವು ಕಡಿಮೆಯಾಗುತ್ತದೆಯೇ ಎಂದು ಬೇರೆ ಬೇರೆ ಕಡೆ ನಡೆದ ಇಪ್ಪತ್ತಾರು ಅಧ್ಯಯನಗಳಿಂದ ಸಂಖ್ಯೆಗಳನ್ನು ಹೆಕ್ಕಿ, ಒಟ್ಟುಗೂಡಿಸಿ, ಒಂದೇ ಉತ್ತರ ಹೇಳುವ ಮೆಟಾ-ಅನಾಲಿಸಿಸ್ ಈಗ ಅವರ ಕೈಯಲ್ಲಿತ್ತು.

ಅದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ. ಪ್ರತಿ ಅಧ್ಯಯನವನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು. ನಡೆದವರ ಗುಂಪಿನಲ್ಲೂ ನಡೆಯದವರ ಗುಂಪಿನಲ್ಲೂ ಎಷ್ಟು ಜನ, ಸರಾಸರಿ ನೋವು ಎಷ್ಟು, ಜನರಿಂದ ಜನರಿಗೆ ನೋವು ಎಷ್ಟು ಏರುಪೇರು ಎಂದು ಸಾಫ್ಟ್‌ವೇರಿನಲ್ಲಿ ತಂತಮ್ಮ ಖಾನೆಗೆ ತುಂಬಬೇಕು. ಆಮೇಲೆ ಸಾಫ್ಟ್‌ವೇರ್ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಕೆಂಪು ಬಂದಲ್ಲಿ ಇಬ್ಬರೂ ಕೂತು ಮಾತಾಡಿ, ಒಪ್ಪಿದ ಸಂಖ್ಯೆಯನ್ನು ನಡುವಿನ ಮೂರನೇ ಖಾನೆಯಲ್ಲಿ ಹಾಕಬೇಕು.

ಆಗಲಿಬಿಡಿಯ ಜೋಡಿಯಾಗಿ ಓದಿದವರು ಸಂಖ್ಯಾಶಾಸ್ತ್ರದ ಮೇಡಂ. ಅವರು ಹಿಡಿದ ಪಟ್ಟು ಬಿಟ್ಟದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಪರದೆ ತೆರೆದರೆ ಹತ್ತೊಂಬತ್ತು ಕೆಂಪು. ಐದು ಗಂಟೆಯೊಳಗೆ ಹತ್ತೊಂಬತ್ತೂ ಇತ್ಯರ್ಥವಾದರೆ ಅವನಿಗೆ ಐದು ದಿನ ರಜೆ ಎಂದು ಕೇಂದ್ರದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಮಾತು ಕೊಟ್ಟಿದ್ದರು.

"ಮೊದಲನೇದು. ಅರವತ್ತು ಜನ. ನೀವು ಐವತ್ತೆರಡು ಅಂತ ಹಾಕಿದ್ದೀರಿ. ತಿದ್ದಿಬಿಡಿ" ಎಂದರು ಮೇಡಂ, ಕನ್ನಡಕ ಕೂಡ ತೆಗೆಯದೆ.

"ಆಗ್ಲಿ..." ಎನ್ನುವಷ್ಟರಲ್ಲಿ ಅವನಿಗೆ ಈಜುಡುಗೆ ನೆನಪಾಯಿತು. "ಆಗಲ್ಲ ಮೇಡಂ."

ಪಕ್ಕದ ಕಪಾಟಿನ ಹತ್ತಿರ ಪುಸ್ತಕ ಜೋಡಿಸುತ್ತಿದ್ದ ಗ್ರಂಥಪಾಲಕನ ಕೈಯಿಂದ ಎರಡು ಪುಸ್ತಕ ಬಿದ್ದವು.

"ಏನಂದ್ರಿ?"

"ಸೇರಿದ್ದು ಅರವತ್ತು ಜನ, ನಿಜ. ಎಂಟು ಜನ ನಡುವಲ್ಲೇ ಕೈಕೊಟ್ಟು ಹೋದ್ರು. ಕೊನೇಲಿ ನೋವು ಅಳೆದದ್ದು ಐವತ್ತೆರಡು ಜನರದ್ದು. ಕೋಷ್ಟಕದ ಕೆಳಗೆ ಬರೆದಿದ್ದಾರೆ, ಓದಿ. ಬರದೇ ಇರೋರ ಮೊಣಕಾಲು ಯಾರು ನೋಡಿದ್ರು?"

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. "ಸರಿ. ನಡುವಿನ ಖಾನೇಲಿ ನಿಮ್ಮ ಐವತ್ತೆರಡು ಹಾಕಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಗೆದ್ದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ನಡುವಿನ ಖಾನೆ ಯಾಕೆ ಮೇಡಂ? ತಪ್ಪು ಇರೋದು ನಿಮ್ಮ ಖಾನೇಲಿ. ಅಲ್ಲೇ ತಿದ್ದಿ."

"ಹಾಗೆ ಮಾಡಿದ್ರೆ ನನ್ನ ಹಳೇ ಸಂಖ್ಯೆ ಅಳಿಸಿ ಹೋಗತ್ತೆ."

"ಹೋಗ್ಲಿ! ಇಟ್ಕೊಂಡು ಏನ್ಮಾಡ್ತೀರಾ, ಚೌಕಟ್ಟು ಹಾಕ್ಸಿ ಗೋಡೆಗೆ ನೇತು ಹಾಕ್ತೀರಾ?"

ಗ್ರಂಥಪಾಲಕ ಕಿಸಕ್ಕನೆ ನಕ್ಕ. ಮೇಡಂ ಅವನನ್ನೊಮ್ಮೆ, ಇವನನ್ನೊಮ್ಮೆ ನೋಡಿ, ತಮ್ಮ ಖಾನೆ ತೆರೆದು ಅರವತ್ತನ್ನು ಅಳಿಸಿ ಐವತ್ತೆರಡು ಬರೆದರು. ಕೆಂಪು ಹೋಗಿ ಹಸಿರು ಬಂತು. ಆಗಲಿಬಿಡಿಗೆ ಕುರ್ಚಿಯ ಮೇಲೆ ಕೂತಲ್ಲೇ ತಾನು ಎರಡು ಗೇಣು ಉದ್ದವಾದಂತೆ ಅನ್ನಿಸಿತು.

ನಾಲ್ಕನೆಯ ಕೆಂಪಿನ ಹೊತ್ತಿಗೆ ಸುದ್ದಿ ಕಟ್ಟಡವೆಲ್ಲ ಹಬ್ಬಿ, ಚಹಾ ತರುವ ಅಕ್ಕ ಟ್ರೇ ಸಮೇತ ಬಂದು ಬಾಗಿಲಿಗೆ ಒರಗಿ ನಿಂತಳು. ಈ ಅಧ್ಯಯನದಲ್ಲಿ ನಲವತ್ತೊಂಬತ್ತು ಜನ. ಅವರ ನೋವಿನ ಏರುಪೇರು ಬರೀ ಎರಡು ಪಾಯಿಂಟ್ ಒಂದು ಎಂದು ಮೇಡಂ ತುಂಬಿದ್ದರು.

"ಮೇಡಂ, ನಲವತ್ತೊಂಬತ್ತು ಜನರ ನೋವು ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗೆ ಇರತ್ತಾ? ನಮ್ಮ ಮನೇಲಿ ಮೂರು ಜನರ ತಲೆನೋವೇ ಮೂರು ಥರ. ಅಡಿಟಿಪ್ಪಣಿ ನೋಡಿ, ಇರುವೆ ಗಾತ್ರದ ಅಕ್ಷರದಲ್ಲಿದೆ. ಇದು ಜನರ ಏರುಪೇರಲ್ಲ, ಸರಾಸರಿಯ ದೋಷ, ಅಂದ್ರೆ ಆ ಸರಾಸರಿ ಎಷ್ಟು ಅತ್ತಿತ್ತ ಆಗಬಹುದು ಅನ್ನೋದು. ಜನರ ಏರುಪೇರು ಬೇಕಂದ್ರೆ ಏಳರಿಂದ ಗುಣಿಸಬೇಕು, ಹದಿನಾಲ್ಕು ಪಾಯಿಂಟ್ ಏಳು."

"ಏಳರಿಂದ ಯಾಕಪ್ಪಾ?" ಎಂದು ಚಹಾದ ಅಕ್ಕ ಮೂಗು ತೂರಿಸಿದಳು.

"ನಲವತ್ತೊಂಬತ್ತರ ವರ್ಗಮೂಲ ಏಳು ಅಕ್ಕಾ."

"ನಂಗೇನೂ ಅರ್ಥ ಆಗ್ಲಿಲ್ಲ, ಆದ್ರೆ ಹೇಳೋ ಧಾಟಿ ನೋಡಿದ್ರೆ ನೀನೇ ಸರಿ" ಎಂದು ಅವಳು ತೀರ್ಪು ಕೊಟ್ಟು, ಅವನಿಗೆ ಲೋಟ ತುಂಬ ಚಹಾ ಇಟ್ಟಳು. ಮೇಡಂಗೆ ಮುಕ್ಕಾಲು ಲೋಟ.

ಊಟದ ಹೊತ್ತು ಮೀರಿ ಹೋಯಿತು, ಯಾರಿಗೂ ಹಸಿವಾಗಲಿಲ್ಲ. ಹನ್ನೊಂದನೆಯ ಕೆಂಪು ಎಲ್ಲಕ್ಕಿಂತ ಹಟಮಾರಿ. ಆ ಅಧ್ಯಯನದವರು ಸಂಖ್ಯೆಯನ್ನೇ ಕೊಡದೆ ಬರೀ ಕಂಬಗಳ ನಕ್ಷೆ ಬಿಡಿಸಿಟ್ಟಿದ್ದರು. ಕಂಬದ ಎತ್ತರ ಮೂವತ್ತನಾಲ್ಕು ಎಂದು ಇವನು, ಮೂವತ್ತೆಂಟು ಎಂದು ಅವರು. ಗ್ರಂಥಪಾಲಕ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ತಂದು ಮೇಜಿನ ಮೇಲೆ ಹರಡಿದ. ಪಟ್ಟಿ ಇಟ್ಟು ಅವನೂ ಅಳೆದ, ಲೆಕ್ಕ ತಪ್ಪಿ ನಲವತ್ತೊಂದು ಎಂದ. ಅವನನ್ನು ಎಲ್ಲರೂ ಸೇರಿ ಗದರಿಸಿದರು.

ಚಹಾದ ಅಕ್ಕ ಬಗ್ಗಿ ನೋಡಿದಳು. "ಕಂಬ ಇಲ್ಲಿಗೆ ಮುಗೀತು. ಇದರ ಮೇಲಿರೋ ಕಡ್ಡಿ ಏನು?"

"ಅದು ಏರುಪೇರಿನ ಗೆರೆ" ಎಂದ ಆಗಲಿಬಿಡಿ. "ಮೇಡಂ ಅದನ್ನೂ ಸೇರಿಸಿ ಅಳೆದಿದ್ದಾರೆ."

"ಅಯ್ಯೋ! ತಲೆ ಮೇಲಿನ ಜುಟ್ಟು ಸೇರಿಸಿ ಯಾರಾದ್ರೂ ಎತ್ತರ ಅಳೀತಾರಾ?"

ಮೇಡಂ ತಮ್ಮ ಖಾನೆ ತೆರೆದರು. ಇನ್ನು ಅವರಿಗೆ ಹೇಳುವ ಅಗತ್ಯವೂ ಇರಲಿಲ್ಲ. ಅವನು "ನಿಮ್ಮ ಖಾನೇಲಿ" ಎಂದು ಬೆರಳು ತೋರಿಸುವ ಮೊದಲೇ ಅಳಿಸಿ ಬರೆಯುತ್ತಿದ್ದರು. ಹನ್ನೆರಡು, ಹದಿಮೂರು, ಹದಿನಾಲ್ಕು ತರಗೆಲೆಯಂತೆ ಉದುರಿದವು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಹತ್ತೊಂಬತ್ತನೆಯದೂ ಹಸಿರಾಯಿತು. ಗ್ರಂಥಪಾಲಕ ಮೇಜು ಗುದ್ದಿದ. ಚಹಾದ ಅಕ್ಕ ಖಾಲಿ ಟ್ರೇ ಬಡಿದಳು. ಆಗಲಿಬಿಡಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಅವನು ಹೆಂಡತಿಗೆ ಹೇಳುವುದಿಲ್ಲ, ಆ ಮಾತು ಬೇರೆ.

"ಗೆದ್ದೆ ಕಣೇ!" ಎಂದು ಫೋನಿನಲ್ಲಿ ಕೂಗಿದ. "ಹತ್ತೊಂಬತ್ತಕ್ಕೆ ಹತ್ತೊಂಬತ್ತು! ನೀವು ಬಸ್ ನಿಲ್ದಾಣಕ್ಕೆ ಹೊರಡಿ, ನಾನು ನೇರ ಅಲ್ಲಿಗೇ ಬರ್ತೀನಿ."

ದೊಡ್ಡ ಡಾಕ್ಟರು ರಜೆಯ ಅರ್ಜಿ ಹಿಡಿದೇ ಬಂದರು. ಪೆನ್ನು ತೆಗೆದು, ಸಹಿ ಹಾಕುವ ಮೊದಲು ಒಮ್ಮೆ ಪರದೆಯತ್ತ ಬಗ್ಗಿದರು.

"ಭಿನ್ನತೆ ಸೊನ್ನೆ?"

"ಸೊನ್ನೆ ಸರ್!" ಎಂದು ಅವನು ಎದೆಯುಬ್ಬಿಸಿದ.

"ನೂರ ಐವತ್ತಾರು ಸಂಖ್ಯೆ, ಇಬ್ಬರು ಬೇರೆ ಬೇರೆ ಓದಿ, ಒಂದೂ ಭಿನ್ನ ಇಲ್ವಾ? ನಿಮ್ಮಿಬ್ಬರಿಗೂ ಕಿಟಕಿ ತೆಗೀಬೇಕಾ ಮುಚ್ಚಬೇಕಾ ಅನ್ನೋದ್ರಲ್ಲೇ ಹೊಂದಲ್ಲ. ಯಾರು ಯಾರದ್ದು ನೋಡಿ ಬರೆದ್ರಿ?"

"ಛೇ ಛೇ, ಇಲ್ಲ ಸರ್! ಹತ್ತೊಂಬತ್ತು ಭಿನ್ನ ಇತ್ತು."

"ಎಲ್ಲಿದೆ, ತೋರಿಸಿ. ಎಷ್ಟು ಕಡೆ ಭಿನ್ನ ಬಂತು, ಹೇಗೆ ಬಗೆಹರೀತು ಅಂತ ಪ್ರಬಂಧದಲ್ಲಿ ಬರೀಬೇಕು. ಮೇಡಂ ಹಳೇ ಸಂಖ್ಯೆಗಳು ಎಲ್ಲಿ?"

ಇವನು ಬಾಯಿ ತೆರೆಯುವ ಮೊದಲೇ ಗ್ರಂಥಪಾಲಕ ಗೆಳೆಯನ ಪರಾಕ್ರಮ ಹೊಗಳಲು ಮುಂದೆ ಬಂದ. "ಎಲ್ಲ ಅಳಿಸಿಬಿಟ್ರು ಸರ್! ಮೇಡಂ ಪಾಪ ನಡುವಿನ ಖಾನೆ ಅಂದ್ರು. ಇವರು ಬಿಡ್ಬೇಕಲ್ಲ!"

"ಒಂದೂ ಬಿಡ್ಲಿಲ್ಲ ಸಾರ್, ಹುಲಿ ಥರ ಕೂತಿದ್ರು" ಎಂದು ಅಕ್ಕನೂ ಸೇರಿಸಿದಳು.

ದೊಡ್ಡ ಡಾಕ್ಟರು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು. "ಹಾಗಾದ್ರೆ ಮೇಡಂ ಖಾನೆ ಈಗ ಬರೀ ನಿಮ್ಮ ಖಾನೆಯ ನಕಲು. ಎರಡನೇ ಓದು ಮೊದಲಿಂದ ಆಗ್ಬೇಕು. ಮೇಡಂಗೆ ನಿಮ್ಮ ಉತ್ತರಗಳು ಬಾಯಿಪಾಠ ಆಗಿರತ್ತೆ, ಅವರು ಓದೋ ಹಾಗಿಲ್ಲ. ನಾನೇ ಓದ್ತೀನಿ."

ದೊಡ್ಡ ಡಾಕ್ಟರು ಒಂದು ಅಧ್ಯಯನ ಓದಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು. ಲೇಖಕರ ವಿಳಾಸವನ್ನೂ ಬಿಡುತ್ತಿರಲಿಲ್ಲ.

"ಸರ್, ನನ್ನ ರಜೆ?"

"ಭಿನ್ನ ಬಂದಾಗ ನಾನು ಯಾರ ಜೊತೆ ಮಾತಾಡ್ಲಿ? ಇಲ್ಲೇ ಇರಿ. ನಾನು ಓದುವಾಗ ಮಾತ್ರ ಆ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ, ನಿಮ್ಮ ಮುಖ ನೋಡಿದ್ರೆ ಉತ್ತರ ಗೊತ್ತಾಗತ್ತೆ." ಅವರು ಅರ್ಜಿಯ ಮೇಲಿನ ಹೆಸರು ಹೊಡೆದುಹಾಕಿ ಇನ್ನೊಂದು ಹೆಸರು ಬರೆದರು. "ಮೇಡಂ, ನಿಮಗೆ ಐದು ದಿನ ಇಲ್ಲಿ ಕೆಲಸ ಇಲ್ಲ. ತಗೊಳ್ಳಿ."

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಆಗಲಿಬಿಡಿ ಮೆಲ್ಲಗೆ ನಡೆದದ್ದನ್ನೆಲ್ಲ ಹೇಳಿದ. ಆ ಕಡೆ ಟಿಕೆಟ್ ಕೌಂಟರಿನಲ್ಲಿ ಏನೋ ವಿಚಾರಿಸುವುದು ಕೇಳಿಸಿತು. ಆಮೇಲೆ ಹೆಂಡತಿ, "ಟಿಕೆಟ್ ವಾಪಸ್ ತಗೊಳ್ಳಲ್ವಂತೆ. ಆ ಮೇಡಂ ಅಲ್ಲೇ ಇದ್ದಾರಾ? ಕೊಡಿ ಸ್ವಲ್ಪ" ಎಂದಳು.

ಅವನು ಕೊಟ್ಟ.

"ಅಯ್ಯೋ ಬೇಡಮ್ಮಾ, ನಾನ್ಯಾಕೆ... ಮಗು ಕೇಳ್ತಿದ್ಯಾ?... ಅಲೆಗೆ ಕೈ ಹಿಡ್ಕೊಳ್ಳೋಕಾ? ಸರಿ ಹಾಗಾದ್ರೆ, ಬಂದೆ" ಎಂದು ಮೇಡಂ ಫೋನು ವಾಪಸ್ ಕೊಟ್ಟು, ಚೀಲ ಹೆಗಲಿಗೇರಿಸಿ ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು.

"ನಿಮ್ಮದು ಕಿಟಕಿ ಪಕ್ಕದ ಸೀಟಾ?"

"ಹೌದು ಮೇಡಂ" ಎಂದ ಅವನು, ಗೋಡೆ ನೋಡುತ್ತ.