ಹಳೇ ಚರ್ಚಿಗೆ ಹೊಸ ಮೈ ಬೇಕೋ, ಬೇಡವೋ

ಹಳೇ ಕಟ್ಟಡ ರಿಪೇರಿ ಮಾಡೋದು ನನ್ನ ಕಸುಬು. ಶಿರಹಟ್ಟಿ ಕಡೆ ಮಠದ ಕೆಲಸ ಮಾಡಿದ್ದೇನೆ, ಲಕ್ಷ್ಮೇಶ್ವರದ ಕಡೆ ದರ್ಗಾದ್ದೂ ಮಾಡಿದ್ದೇನೆ. ದೇವರು ಎಲ್ಲೂ ತಕರಾರು ತೆಗೆದಿಲ್ಲ. ಭಕ್ತರು ಎಲ್ಲೂ ಬಿಟ್ಟಿಲ್ಲ. ಗದಗ-ಬೆಟಗೇರಿಯ ಒಂದು ಹಳೇ ಚರ್ಚಿನ ಕೆಲಸ ಹಿಡಿದಾಗಂತೂ ದಿನಕ್ಕೊಂದು ಪ್ರಸಂಗ.

೧. ಸೋರುವುದರ ಲಾಭ

ಚರ್ಚಿನ ಹಂಚು ಸೋರುತ್ತಿತ್ತು, ಒಂದು ಗೋಡೆ ಬಿರುಕು ಬಿಟ್ಟಿತ್ತು. ಕೆಡವಿ, ಕಲ್ಯಾಣ ಮಂಟಪದ ಹಾಗೆ ಫಳಫಳ ಹೊಳೆಯೋದು ಕಟ್ಟೋಣ ಅಂತ ಅರ್ಧ ಜನ. ಅಜ್ಜ-ಮುತ್ತಜ್ಜರ ಮದುವೆಯಾದ ಜಾಗ, ಒಂದು ಕಲ್ಲೂ ಅಲುಗಬಾರದು ಅಂತ ಇನ್ನರ್ಧ. ಬೀಗರು ಬೀಗರ ಜೊತೆ ಮಾತು ಬಿಡುವವರೆಗೂ ಹೋಯಿತು. ಕೊನೆಗೆ ಚರ್ಚಿನ ಪಾದ್ರಿ, ಅಂದರೆ ಸಭಾಪಾಲಕರು, ಎಲ್ಲರನ್ನೂ ಕೂಡಿಸಿ, ಹಂಚನ್ನಾದರೂ ಮೊದಲು ರಿಪೇರಿ ಮಾಡಿಸೋಣ, ಅದಕ್ಕೆ ಯಾರ ವಿರೋಧವೂ ಇಲ್ಲವಲ್ಲ ಅಂದರು. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು.

"ಹಂಚು ಹಂಗ ಇರ್ಲಿ ಬಿಡ್ರಿ ಅಯ್ಯನೋರ. ಮಳಿ ಬಂದ್ರಷ್ಟ ನಿಮ್ಮ ಉಪದೇಶ ಜಲ್ದಿ ಮುಗೀತೈತಿ."

ಎರಡೂ ಪಾರ್ಟಿಯವರು ಒಟ್ಟಿಗೆ ನಕ್ಕರು. ಆ ನಗುವಿನಲ್ಲೇ ಕೆಡವುವ ಮಾತು ಹಿಂದೆ ಬಿತ್ತು, ಕೆಲಸ ನನಗೆ ಬಂತು. ಜೋರಾಗಿ ನಕ್ಕವರು ಸಭಾಪಾಲಕರ ಹೆಂಡತಿ.

೨. ಆಯಿಯ ಷರತ್ತು

ಏನನ್ನೂ ಮುಟ್ಟಬಾರದು ಅನ್ನುವ ಪಾರ್ಟಿಗೆ ಒಬ್ಬ ಅಜ್ಜಿ ಮುಂದಾಳು. ದಿನಾ ಬಂದು ನಮ್ಮನ್ನು ಕಾಯುತ್ತಾ ಕೂರುತ್ತಿದ್ದರು. ಕಿಟಕಿಯ ಬಣ್ಣ ಬದಲಾಗಬಾರದು. ಬಾಗಿಲ ಕಿರ್‌ಗುಟ್ಟುವಿಕೆಯೂ ಹೋಗಬಾರದು. ಆ ಸದ್ದು ಕೇಳಿದರೆ, ತೀರಿಹೋದ ಯಜಮಾನರು ಎಂದಿನಂತೆ ತಡವಾಗಿ ಒಳಗೆ ಬಂದ ಹಾಗೆ ಆಗುತ್ತದಂತೆ. ನಾನು ಎಣ್ಣೆ ಡಬ್ಬಿಯನ್ನು ಸುಮ್ಮನೆ ಬದಿಗಿಟ್ಟೆ. "ಅಂದ್ರ ಎಲ್ಲಾ ಹಳೇದ ಇರ್ಲೇನ್ರಿ, ಆಯಿ?" ಅಂತ ಕೇಳಿದೆ.

"ಹೂಂ, ಎಲ್ಲಾ. ನಾ ಕುಂಡ್ರೋ ಬೆಂಚ್ ಒಂದು ಹೊಸಾದು ಮಾಡ್ಸಪಾ. ಸೊಂಟ ಹಿಡಿತೈತಿ."

೩. ಗೋಡೆಯ ಸಿಹಿ

ಹಳೇ ಗೋಡೆಗೆ ಸಿಮೆಂಟ್ ಒಗ್ಗುವುದಿಲ್ಲ. ಸುಣ್ಣ, ಉಸುಕು ಅರೆದು, ಬೆಲ್ಲದ ನೀರು ಬೆರೆಸಿ ಗಾರೆ ಮಾಡುತ್ತಿದ್ದೆವು. ಎದುರಿನ ಅಂಗಡಿಯ ಚಾಚಾ ಚಹಾ ತಂದಾಗ ಗಾರೆ ಮೆತ್ತುತ್ತಿದ್ದ ನಮ್ಮ ಗೌಂಡಿ ಒಂದು ಗುಟುಕು ಕುಡಿದು, ನಿಮ್ಮ ಚಹಾಕ್ಕಿಂತ ನಮ್ಮ ಗ್ವಾಡಿ ಸಿಹಿ ಐತಲ್ರಿ ಅಂದ. ಚಾಚಾ ಗಾರೆಯ ಬುಟ್ಟಿಯನ್ನು ಒಮ್ಮೆ ನೋಡಿದರು.

"ಹಂಗಾರ ನಾಳಿಂದ ಗ್ವಾಡೀನ ನೆಕ್ಕು."

೪. ಆಮೆನ್

ಅಂತೂ ಕೆಲಸ ಮುಗಿಯಿತು. ಒಡೆದ ಹಂಚಿಗೆ ಅಂಥದೇ ಹಳೇ ಹಂಚು ಹುಡುಕಿ ತಂದಿದ್ದೆ. ಬಿರುಕು ಮುಚ್ಚಿದ ಗಾರೆಯ ಬಣ್ಣವನ್ನು ಹಳೇ ಗೋಡೆಗೆ ಹೊಂದಿಸಿದ್ದೆ. ಎಲ್ಲಿ ಕೈಯಾಡಿಸಿದ್ದೇನೆ ಅನ್ನೋದು ನನಗೇ ಗುರುತು ಸಿಗುತ್ತಿರಲಿಲ್ಲ. ನನ್ನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೆಮ್ಮೆ ಇಲ್ಲ.

ಕೃತಜ್ಞತೆಯ ಆರಾಧನೆಗೆ ನನಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಪ್ರಾರ್ಥನೆಗೆ ಮುಂಡರಗಿಯಿಂದ ಹಿರಿಯರೊಬ್ಬರನ್ನು ಕರೆಸಿದ್ದರು. ಅವರು ಮೇಲೆ ಹಂಚು ನೋಡಿದರು, ಸುತ್ತಲೂ ಗೋಡೆ ನೋಡಿದರು, ಮರುಕದಿಂದ ಕಣ್ಣು ಮುಚ್ಚಿದರು.

"ಕರ್ತನೇ, ನಿನ್ನ ಈ ಆಲಯದ ರಿಪೇರಿ ಜಲ್ದಿ ಶುರು ಆಗೋಹಂಗ ಕೃಪೆ ಮಾಡು."

ಇಡೀ ಸಭೆ ರೂಢಿಯಂತೆ "ಆಮೆನ್" ಅಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ನಾನೇ.