ಮೈನಸ್ ಅರವತ್ತು

"ಐವತ್ತು ಜನರನ್ನ ಕೂರ್ಸ್ಕೊಂಡು ರೋಡಿನಾಗೆ ಹೋಗೋನು ನಾನು. ಖಾಲಿ ಆಕಾಶದಾಗೆ ಖಾಲಿ ವಿಮಾನ ಓಡ್ಸೋದು ಒಂದು ವಿದ್ಯೆನಾ?"

ಹೀಗೆಂದು ಎದೆ ತಟ್ಟಿಕೊಂಡವನು ಚಿತ್ತಪ್ಪ, ಚಳ್ಳಕೆರೆ–ಮೊಳಕಾಲ್ಮೂರು ಖಾಸಗಿ ಬಸ್ಸಿನ ಚಾಲಕ. 2005ರ ಬೇಸಿಗೆಯಲ್ಲಿ ಚಿತ್ರದುರ್ಗದ ಮೇಷ್ಟ್ರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ರಿಮೋಟ್ ವಿಮಾನವನ್ನು ಅವನ ಕೈಗಿತ್ತು ಹೋಗಿದ್ದರು. ಥರ್ಮೋಕೋಲಿನ ಮೈ, ಮೂರು ಮೊಳದ ರೆಕ್ಕೆ, ಮೂತಿಗೊಂದು ಫ್ಯಾನು. ರಿಮೋಟಿಗೆ ಎರಡು ಕಡ್ಡಿ, ಪುಟ್ಟ ಪರದೆ, ಉದ್ದನೆಯ ಆಂಟೆನಾ.

ಮೊದಲ ಹಾರಾಟ ಹನ್ನೊಂದು ಸೆಕೆಂಡು ನಡೆಯಿತು. ಕಡ್ಡಿಯನ್ನು ಕೂದಲೆಳೆಯಷ್ಟು ಮುಟ್ಟಿದ್ದಕ್ಕೇ ವಿಮಾನ ಲಾಗ ಹಾಕಿ, ಶೇಂಗಾ ಹೊಟ್ಟಿನ ಬಣವೆಯೊಳಗೆ ಮೂತಿ ಹೂತು, ಬಾಲವೆತ್ತಿ ನಿಂತಿತು. ಹೆಂಡತಿ ಜಗದಾಂಬ ಸೆರಗು ಬಾಯಿಗಿಟ್ಟುಕೊಂಡಳು.

"ನಗಬ್ಯಾಡ್ವೇ! ಇದ್ರ ಸ್ಟೇರಿಂಗಿಗೆ ಪ್ಲೇ ಇಲ್ಲ, ಅಷ್ಟೇ."

ಚಾಲಕರ ಭಾಷೆಯಲ್ಲಿ ಪ್ಲೇ ಎಂದರೆ ಸ್ಟೇರಿಂಗಿನ ಸಡಿಲ. ಅವನ ಬಸ್ಸಿನಲ್ಲಿ ಅದು ಧಾರಾಳವಾಗಿತ್ತು. ಅರ್ಧ ಸುತ್ತು ತಿರುಗಿಸಿದ ಮೇಲಷ್ಟೇ ಗಾಲಿಗಳು ತಿರುಗುವ ಬಗ್ಗೆ ಯೋಚಿಸತೊಡಗುತ್ತಿದ್ದವು!

ಒಂದು ವಾರ ಕೈಪಿಡಿಯ ಹಾಳೆ ಹಾಳೆಯನ್ನೂ ಜಾಲಾಡಿದ ಮೇಲೆ ಔಷಧಿ ಸಿಕ್ಕಿತು.

"ಎಕ್ಸ್‌ಪೋ! ಇದನ್ನ ಸೆಟ್ ಮಾಡಿದ್ರೆ ಕಡ್ಡಿ ನಡುಮಧ್ಯದಾಗೆ ಮೆತ್ತಗಾಗ್ತೈತೆ."

"ಎಕ್ಸ್‌ಪೋ ಅಂದ್ರೆ, ದಸರಾದಾಗೆ ದೊಡ್ಡ ಹಪ್ಪಳ ಮಾರ್ತಾರಲ್ಲ, ಅದಾ?"

"ಅದು ಮೈಸೂರಿಂದು ಕಣೇ. ಇದು ವಿಮಾನದ ಬಾಲದ್ದು!"

ಆದರೆ ಪ್ಲಸ್ ಹಾಕಬೇಕೋ ಮೈನಸ್ಸೋ ಎಂದು ಹೇಳುವ ಹಾಳೆಯೇ ಕಿತ್ತುಹೋಗಿತ್ತು. ಚಿತ್ತಪ್ಪ ಕ್ಷಣವೂ ಯೋಚಿಸದೆ ಪ್ಲಸ್ ಅರವತ್ತು ಒತ್ತಿದ.

"ರೀ, ಅದ್ರ ಹಾರಾಟ ಕಮ್ಮಿ ಮಾಡ್ಬೇಕು ಅಂದ್ರೆ ಮೈನಸ್ಸಲ್ವಾ?" ಎಂದಳು ಜಗದಾಂಬ.

"ಗಂಡಸಾದೋನು ಮೈನಸ್ ಹಾಕಲ್ಲ! ನೀನು ಸಾರಿಗೆ ಉಪ್ಪಾಕು ಹೋಗು."

ಭಾನುವಾರ ಬೆಳಿಗ್ಗೆ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ಮಹಾ ಪ್ರದರ್ಶನ. ಜಗದಾಂಬಳ ಜೊತೆಗೆ ಅವನ ಬಸ್ಸಿನ ಕಂಡಕ್ಟರ್ ತಿಪ್ಪಯ್ಯನೂ ಬಂದಿದ್ದ. ಚಿತ್ತಪ್ಪ ವಿಮಾನ ಎಸೆದ. ಆಹಾ! ಅದು ಗರುಡನಂತೆ ಏರಿತು, ಮದುಮಗಳಂತೆ ತಿರುಗಿತು, ತಲೆಯ ಮೇಲೆ ಎರಡು ಸುತ್ತು ಹಾಕಿ ಬಂದು ಹುಲ್ಲಿನ ಮೇಲೆ ಮೆತ್ತಗೆ ಕೂತಿತು.

"ಅಣ್ಣಾ, ನಮ್ ಬಸ್ಸು ಯಾಕಣ್ಣ ಹಿಂಗ್ ಓಡ್ಸಲ್ಲ ನೀನು?" ಎಂದು ತಿಪ್ಪಯ್ಯ ಬಾಯಿ ಬಿಟ್ಟ.

"ಎಲ್ಲಾ ಸೆಟ್ಟಿಂಗು ಕಣಲೇ! ಪ್ಲಸ್ ಅರವತ್ತು! ಮನೆಯೋರು ಮೈನಸ್ ಅಂದ್ರು. ನಾನು ಬಗ್ಗಲಿಲ್ಲ. ತಗೋ, ನೀನೇ ಓದು!"

ತಿಪ್ಪಯ್ಯ ಪರದೆ ನೋಡಿದ. ಚಿತ್ತಪ್ಪನ ಮುಖ ನೋಡಿದ. ಮತ್ತೆ ಪರದೆ ನೋಡಿದ.

"ಅಣ್ಣಾ, ಅರವತ್ತರ ಹಿಂದೊಂದು ಅಡ್ಡಗೆರೆ ಐತೆ. ಮೈನಸ್ ಅರವತ್ತು."

ಚಿತ್ತಪ್ಪ ಹೆಂಡತಿಯ ಕಡೆ ತಿರುಗಿದ.

"ನೀವು ಸ್ನಾನಕ್ಕೆ ಹೋದಾಗ ಕಡ್ಡಿ ಅಲ್ಲಾಡ್ಸಿ ನೋಡ್ದೆ ಕಣ್ರಿ," ಎಂದಳು ಜಗದಾಂಬ. "ಪ್ಲಸ್ಸಿಗೆ ಬಾಲ ಪಟಪಟ ಬಡ್ಕೊಂತಿತ್ತು, ಮೈನಸ್ಸಿಗೆ ನಿಧಾನಕ್ಕೆ ಎದ್ದೇಳ್ತಿತ್ತು. ಅದಕ್ಕೇ ಬದಲಾಯ್ಸಿದೆ."

"ಹೋಗ್ಲಿ ಬಿಡಣ್ಣ, ಹಾರ್ತಲ್ಲ," ಎಂದ ತಿಪ್ಪಯ್ಯ.

ಬುದ್ಧಿ ಇದ್ದವನಾದರೆ ಅಲ್ಲಿಗೆ ಬಿಡುತ್ತಿದ್ದ. ಆದರೆ ಅವನು ಚಿತ್ತಪ್ಪ!

"ಹಾರೋದು ಮುಖ್ಯ ಅಲ್ಲ ಕಣಲೇ! ಯಾರ ಸೆಟ್ಟಿಂಗಿನಾಗೆ ಹಾರ್ತು ಅನ್ನೋದು ಮುಖ್ಯ!"

ಇಬ್ಬರೆದುರೂ ಮೈನಸ್ ಅಳಿಸಿ ಪ್ಲಸ್ ಮಾಡಿದ. ಅಷ್ಟಕ್ಕೂ ಸಮಾಧಾನವಾಗದೆ ಅರವತ್ತನ್ನು ನೂರಕ್ಕೇರಿಸಿದ.

"ರೀ, ಬ್ಯಾಡ," ಎಂದಳು ಜಗದಾಂಬ.

"ಬಿಟ್ಟೆ ನೋಡು!"

ವಿಮಾನ ಎದ್ದಿತು. ಸಿಟ್ಟಿಗೆ ಅವನ ಹೆಬ್ಬೆರಳು ನಡುಗುತ್ತಿತ್ತು. ಒಂದೊಂದು ನಡುಕಕ್ಕೂ ವಿಮಾನ ಒಂದೊಂದು ಕುಪ್ಪಳಿಸಿತು. ಮೇಲೆ, ಕೆಳಗೆ, ತಲೆಕೆಳಗೆ! ಕೊನೆಗೆ ಚೇಳು ಕಡಿದಂತೆ ಕಿರುಚುತ್ತಾ, ಜಾಲಿ ಮರದಡಿ ಬುತ್ತಿ ಬಿಚ್ಚುತ್ತಿದ್ದ ಕುರಿಗಾಹಿ ಜುಂಜಣ್ಣನ ಕಡೆ ನುಗ್ಗಿತು.

ಕುರಿಗಳು ಬೆದರಿ ದಿಕ್ಕಿಗೊಂದರಂತೆ ಚದುರಿದವು. ಜುಂಜಣ್ಣ ಕಂಬಳಿ ಬೀಸಿ ತಲೆ ಉಳಿಸಿಕೊಂಡ. ಮುದ್ದೆ ಉಳಿಯಲಿಲ್ಲ. ವಿಮಾನ ಅದರೊಳಗೇ ಇಳಿದು, ಒಂದು ರೆಕ್ಕೆ ಮುರಿದುಕೊಂಡಿತು.

"ಗಾಳಿ... ಗಾಳಿ ಜಾಸ್ತಿ ಐತೆ," ಎಂದ ಚಿತ್ತಪ್ಪ. ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ.

ಜುಂಜಣ್ಣ ಒಂದು ಕೈಯಲ್ಲಿ ಮುದ್ದೆ ಮೆತ್ತಿದ ವಿಮಾನ, ಇನ್ನೊಂದರಲ್ಲಿ ದೊಣ್ಣೆ ಹಿಡಿದು ದಾಪುಗಾಲು ಹಾಕುತ್ತಾ ಬಂದ. ಅವನು ಹತ್ತಿರವಾದಷ್ಟೂ ದೊಣ್ಣೆ ದಪ್ಪವಾಗುತ್ತಿತ್ತು. ಚಿತ್ತಪ್ಪ ಮೆಲ್ಲಗೆ ರಿಮೋಟನ್ನು ಹೆಂಡತಿಯ ಕೈಗೆ ತುರುಕಿದ.

"ಯಾರ್ದಲೇ ಇದು?" ಎಂದು ಗುಡುಗಿದ ಜುಂಜಣ್ಣ.

"ನಮ್ಮ... ನಮ್ಮನೆಯೋಳ್ದು ಕಣಣ್ಣ," ಎಂದ ಚಿತ್ತಪ್ಪ.

ಜಗದಾಂಬ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈ ಚಾಚಿ ಮುರಿದ ವಿಮಾನ ತೆಗೆದುಕೊಂಡಳು.

"ಹೂನಣ್ಣ, ನಂದೇ. ತಪ್ಪಾಯ್ತು. ಇವ್ರು ಆಸೆಪಟ್ರು ಅಂತ ಒಂದ್ ಸಲ ಕೈಗೆ ಕೊಟ್ಟಿದ್ದೆ, ಇನ್ಮೇಲೆ ಕೊಡಲ್ಲ. ನೀನು ಇವ್ರನ್ನ ಕರ್ಕೊಂಡೋಗು. ಚದುರಿದ ಕುರಿ ಕೂಡ್ಸಕ್ಕಾದ್ರೂ ಬರ್ತೈತೇನೋ ನೋಡು!"